ಬಡ್ಡಿ ಏರಿದ ವರ್ಷ

ಗಂಡ ತೀರಿಕೊಂಡು ತಿಂಗಳಾಗುವ ಮೊದಲೇ, ಅವನ ಅಣ್ಣ ಅವಳನ್ನು ಟೈಲ್ಸ್ ಅಂಗಡಿಯಿಂದ ಹೊರಹಾಕಿದ. ಅಣ್ಣತಮ್ಮಂದಿರಿಬ್ಬರೂ ಬೆವರು ಸುರಿಸಿ ಕಟ್ಟಿದ ಅಂಗಡಿ ಅದು. ಪತ್ರ ಮಾತ್ರ ಅಣ್ಣನ ಹೆಸರಿನಲ್ಲಿತ್ತು. "ಪಾಠ ಹೇಳೋಳಿಗೆ ವ್ಯಾಪಾರದ ಗಂಧಗಾಳಿ ಏನಮ್ಮ ಗೊತ್ತು?" ಎಂದು ಹಮಾಲಿಗಳ ಎದುರಿಗೇ ನಕ್ಕಿದ್ದ. ಅವಳು ಸಂಜೆ ಕಾಲೇಜಿನಲ್ಲಿ ಹೊಸಬರಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಆ ನಗುವನ್ನು ನುಂಗಿಕೊಂಡಳು, ಆದರೆ ಅರಗಿಸಿಕೊಳ್ಳಲಿಲ್ಲ.

ಕೆಲವು ವರ್ಷಗಳ ಮೇಲೆ ಎಲ್ಲದರ ಬೆಲೆಯೂ ಏರತೊಡಗಿತು. ಟೈಲ್ಸಿಗಂತೂ ವಾರಕ್ಕೊಂದು ದರ. ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಭಾನುವಾರ ವ್ಯಾಪಾರಿ ಗೆಳೆಯರನ್ನು ಊಟಕ್ಕೆ ಕರೆದವನು ಅವಳನ್ನೂ ಕರೆಸಿದ.

ಅಡುಗೆಮನೆಯಲ್ಲಿ ವಾರಗಿತ್ತಿ ಅವಳ ಕೈ ಹಿಡಿದುಕೊಂಡಳು. "ಸಾಲ ಎತ್ತಿ ಗೋದಾಮು ತುಂಬಿಸ್ತೀನಿ ಅಂತಿದಾರೆ ಕಣೆ. ನನಗ್ಯಾಕೋ ಭಯ. ಒಬ್ಬರೇ ಇದ್ದಾಗ ನೀನೊಂದು ಮಾತು ಹೇಳು, ಕೇಳ್ತಾರೆ. ನಾಲ್ಕು ಜನರ ಎದುರಿಗೆ ಮಾತ್ರ ಬೇಡ, ಹಟಕ್ಕೆ ಬೀಳ್ತಾರೆ."

"ಆಗಲಿ ಅಕ್ಕ," ಎಂದಳು ಅವಳು.

ಊಟವಾದ ಮೇಲೆ ಭಾವ, ಗಿಣಿಯನ್ನು ಮಾತಾಡಿಸುವವನ ಹಾಗೆ, ಅವಳತ್ತ ತಿರುಗಿದ. "ಎಲ್ಲಿ, ಈ ಹಣದುಬ್ಬರ ಅಂದ್ರೇನು, ಇವರಿಗೊಂಚೂರು ಹೇಳಮ್ಮ."

"ಸರಕು ಇದ್ದಷ್ಟೇ ಇದ್ದು, ಜನರ ಕೈಲಿ ದುಡ್ಡು ಹೆಚ್ಚಾದ್ರೆ ಬೆಲೆ ಏರುತ್ತೆ. ಚುನಾವಣೆಗೆ ಮುಂಚೆ ಸರ್ಕಾರ ಕೈಬಿಚ್ಚಿ ಖರ್ಚು ಮಾಡ್ತು, ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲ ಕೊಟ್ವು. ಎಲ್ಲರೂ ಒಟ್ಟಿಗೇ ಮನೆ ಕಟ್ಟೋಕೆ ಹೊರಟ್ರು."

"ಕಟ್ಟಲಿ ಬಿಡು, ನಮಗೇ ಲಾಭ!"

"ಎಷ್ಟು ದಿನ ಭಾವ? ಬೆಲೆ ಕೈಮೀರಿದ್ರೆ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತೆ. ಸಾಲ ದುಬಾರಿ ಆಯ್ತು ಅಂದ್ರೆ ಜನ ಮನೆ ಕಟ್ಟೋದನ್ನ ಮುಂದಕ್ಕೆ ಹಾಕ್ತಾರೆ. ಸರ್ಕಾರಾನೂ ಖರ್ಚಿಗೆ ಕಡಿವಾಣ ಹಾಕುತ್ತೆ. ಕೊಳ್ಳೋರು ಕಮ್ಮಿ ಆದ್ರೆ ಬೆಲೆ ಏರೋದು ನಿಲ್ಲುತ್ತೆ."

ಗೆಳೆಯನೊಬ್ಬ ಹೌದೆನ್ನುವಂತೆ ತಲೆಯಾಡಿಸಿದ. ಭಾವ ಒಂದು ಕ್ಷಣ ಯೋಚನೆಗೆ ಬಿದ್ದ. ಅವಳು ಅಲ್ಲಿಗೆ ಮಾತು ನಿಲ್ಲಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅದು ಅವಳಿಗೆ ಗೊತ್ತಿತ್ತು.

"ಈಗ ಸಾಲ ಮಾಡಿ ಮಾಲು ತುಂಬಬೇಡಿ," ಎಂದಳು ನಗುತ್ತ. "ಇರಲಿ ಬಿಡಿ ಭಾವ, ಇದೆಲ್ಲ ನಿಮ್ಮ ತಲೆಗೆ ಹತ್ತೋ ವಿಷಯ ಅಲ್ಲ."

ಯಾರೋ ಕಿಸಕ್ಕನೆ ನಕ್ಕರು. ಭಾವನ ಕಿವಿ ಕೆಂಪಾಯಿತು. ಮರುದಿನವೇ ಬ್ಯಾಂಕಿಗೆ ಹೋಗಿ, ಅಂದುಕೊಂಡಿದ್ದರ ಎರಡರಷ್ಟು ಸಾಲ ಎತ್ತಿದ.

ಆ ವರ್ಷ ಬಡ್ಡಿ ಏರಿತು, ಮತ್ತೆ ಏರಿತು. ಸರ್ಕಾರದ ವಸತಿ ಕಟ್ಟಡಗಳು ಅರ್ಧಕ್ಕೇ ನಿಂತವು. ಗೋದಾಮಿನಲ್ಲಿ ಟೈಲ್ಸ್ ಪೆಟ್ಟಿಗೆಗಳು ಸೂರು ಮುಟ್ಟಿಕೊಂಡು ಕೂತವು. ಭಾವನ ಸಾಲದ ಕಂತು ಮಾತ್ರ ಬೆಳೆಯುತ್ತಲೇ ಹೋಯಿತು.

ಬ್ಯಾಂಕಿನವರು ಅಂಗಡಿಗೆ ಬೀಗ ಹಾಕಿದ ದಿನ ಅವನು ಅವಳ ಬಾಗಿಲಿಗೆ ಬಂದ. "ನಿನಗೆ ಎಲ್ಲಾ ಗೊತ್ತಿತ್ತು."

"ಹೇಳಿದ್ದೆನಲ್ಲ ಭಾವ, ಎಲ್ಲರ ಎದುರಿಗೇ."

ಅವನ ಮುಖ ಬಿಳಿಚಿಕೊಂಡಿತು. ಅವಳು ಆ ಮುಖವನ್ನು ಕಣ್ತುಂಬ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ.

ಹರಾಜಿನಲ್ಲಿ ಅವಳು ಅಗ್ಗಕ್ಕೆ ಕೆಲವು ಪೆಟ್ಟಿಗೆ ಕೊಂಡಳು. ಹೊತ್ತು ತಂದವನು ಅಂಗಡಿಯ ಹಳೆಯ ಹಮಾಲಿ. ಅವಳ ಗಂಡನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು.

"ಬಡ್ಡಿ ಇಳಿದ್ರೆ ಮತ್ತೆ ಕೆಲಸ ಸಿಗುತ್ತಂತೆ. ಯಾವಾಗ ಇಳಿಯುತ್ತೆ ಟೀಚರಮ್ಮ?"

ಬೆಲೆ ಏರಿಕೆ ತಡೆಯಲು ಹೊರಟಾಗ ಕೆಲವರ ಕೆಲಸ ಹೋಗುತ್ತದೆ ಎಂಬುದನ್ನು ಅವಳು ತರಗತಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. "ಗೊತ್ತಿಲ್ಲ ಅಣ್ಣ," ಎಂದಳು. ಕೂಲಿಯ ಮೇಲೆ ಇನ್ನಷ್ಟು ಕೊಟ್ಟಳು. ಅವನು ಕೂಲಿಯಷ್ಟನ್ನೇ ತೆಗೆದುಕೊಂಡು ಹೋದ.

ಆ ಟೈಲ್ಸನ್ನು ಅವಳು ಬಚ್ಚಲುಮನೆಗೆ ಹಾಕಿಸಿದಳು. ದಿನಾ ಬೆಳಿಗ್ಗೆ ಅದರ ಮೇಲೆ ಬರಿಗಾಲಲ್ಲಿ ನಿಂತು, ನಿಧಾನವಾಗಿ ಹಲ್ಲುಜ್ಜುತ್ತಾಳೆ.