ಜೇಬಿನಲ್ಲಿದ್ದ ಫ್ಯೂಸು

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವವರು, ಇಟ್ಟದ್ದನ್ನು ಎಲ್ಲಿಟ್ಟೆ ಎಂದು ಮನೆಯೆಲ್ಲ ತಡಕಾಡುವವರು ಯಾರ ಮನೆಯಲ್ಲಿಲ್ಲ ಹೇಳಿ? ಈ ಮನೆಯಲ್ಲಿದ್ದವನನ್ನು ಬೀದಿಯವರೆಲ್ಲ 'ಟ್ಯೂಬ್‌ಲೈಟ್' ಎಂದು ಕರೆಯುತ್ತಿದ್ದರು. ಕೆಲಸವೂ ಕರೆಂಟಿನದೇ ಆದ್ದರಿಂದ ಹೆಸರು ಚೆನ್ನಾಗಿ ಅಂಟಿಕೊಂಡಿತ್ತು. ವಯಸ್ಸು ಇಪ್ಪತ್ತೊಂಬತ್ತು. ಅಕ್ಕ ಭಾವನ ಜೊತೆ ಇದ್ದ. ಭಾವ ವೈರಿಂಗ್ ಮೇಸ್ತ್ರಿ, ಇವನು ಭಾವನ ಜೊತೆಗಾರ.

ದಡ್ಡ ಅನ್ನುವ ಹಾಗಿರಲಿಲ್ಲ. ಗೋಡೆಯೊಳಗೆ ವೈರು ಎಲ್ಲಿ ಸುಟ್ಟಿದೆ ಎಂದು ಬೇರೆಯವರು ಅರ್ಧ ದಿನ ಹುಡುಕಿದರೆ ಇವನು ಕಾಲು ಗಂಟೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದ. ತೋರಿಸಿದ ಮೇಲೆ ಆ ಗೋಡೆ ಮುಚ್ಚುವುದು ಮಾತ್ರ ನೆನಪಿರುತ್ತಿರಲಿಲ್ಲ. ಏಣಿ ಒಂದು ಮನೆಯಲ್ಲಿ, ಟೆಸ್ಟರ್ ಇನ್ನೊಂದು ಮನೆಯಲ್ಲಿ, ಊಟದ ಡಬ್ಬಿ ಎಲ್ಲಿ ಎಂದು ದೇವರಿಗೇ ಗೊತ್ತು. ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಎದ್ದು ಹೋಗಿರುತ್ತಿದ್ದ.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವಳಿಗೆ ಗೊತ್ತಿದ್ದ ಔಷಧ ಒಂದೇ, ಬೈಗುಳ. "ಸೋಮಾರಿ. ಜವಾಬ್ದಾರಿ ಅನ್ನೋದೇ ಇಲ್ಲ" ಎಂದು ಹೊಲಿಗೆ ಮೆಷಿನ್ ತುಳಿಯುತ್ತಲೇ ಶುರು ಮಾಡಿದರೆ ದಾರ ಮುಗಿಯುವವರೆಗೂ ನಿಲ್ಲಿಸುತ್ತಿರಲಿಲ್ಲ. ಅವನಿಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಟೀಚರ್ ಕರೆದು, "ಇವನು ಬೇಕು ಅಂತ ಮಾಡ್ತಿಲ್ಲ ಅನ್ನಿಸುತ್ತೆ. ಒಂದ್ಸಲ ಮನೋವೈದ್ಯರಿಗೆ ತೋರಿಸಿ" ಎಂದಿದ್ದರು. "ನನ್ನ ತಮ್ಮನಿಗೆ ಹುಚ್ಚು ಅಂತೀರಾ?" ಎಂದು ಅಕ್ಕ ಶಾಲೆಯ ಅಂಗಳದಲ್ಲೇ ಜಗಳ ತೆಗೆದು, ಅವನ ಕೈ ಹಿಡಿದು ದರದರ ಎಳೆದುಕೊಂಡು ಬಂದಿದ್ದಳು.

ಕರೆಂಟಿನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಲೈನಿಗೆ ಕೈ ಹಾಕುವ ಮೊದಲು ಮೇನ್ ಬೋರ್ಡಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಅದು ಜೇಬಿನಲ್ಲಿರುವಷ್ಟು ಹೊತ್ತು ಯಾರೂ ಕರೆಂಟ್ ಕೊಡಲಾರರು. ಕೆಲಸ ಮುಗಿದ ಮೇಲೆ ವಾಪಸ್ ಹಾಕಬೇಕು. ತಮ್ಮನಿಗೆ ಮರೆಯುತ್ತಿದ್ದದ್ದು ಈ ಕೊನೆಯ ಮಾತೇ. ಆ ತಿಂಗಳಲ್ಲಿ ಎರಡು ಸಲ ಗಿರಾಕಿಗಳ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದುಬಿಟ್ಟಿದ್ದ. ಕರೆಂಟಿಲ್ಲದೆ ಕೂತವರು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅವರೆದುರಿಗೇ ಅಕ್ಕ ಹೇಳಿದ್ದಳು, "ಇನ್ನೊಂದು ಸಲ ನಿನ್ನ ಜೇಬಲ್ಲಿ ಫ್ಯೂಸು ಸಿಕ್ಕಿದ್ರೆ ಈ ಮನೆ ಹೊಸಿಲು ತುಳೀಬೇಡ."

ಅದಾಗಿ ಐದನೇ ದಿನ ಭಾವ, ಮೈದುನ ಇಬ್ಬರೂ ಮರ ಕೊಯ್ಯುವ ಶೆಡ್ಡಿಗೆ ಹೋದರು. ಭಾವ ಏಣಿ ಹತ್ತಿದ. ಕೆಳಗಿದ್ದ ತಮ್ಮ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಭಾವ ಟೆಸ್ಟರ್ ಇಟ್ಟು, ಕರೆಂಟ್ ಇಲ್ಲವೆಂದು ನೋಡಿಯೇ ವೈರು ಬಿಚ್ಚಿದ. "ಚೀಲದಿಂದ ಟೇಪು ತಗೊಂಡು ಬಾ" ಎಂದ. ತಮ್ಮ ಚೀಲದ ಕಡೆ ಹೊರಟ. ದಾರಿಯಲ್ಲಿ ಶೆಡ್ಡಿನ ಯಜಮಾನ, "ಈ ಫ್ಯಾನು ಯಾಕೆ ಸದ್ದು ಮಾಡುತ್ತೆ ನೋಡಪ್ಪ" ಎಂದು ನಿಲ್ಲಿಸಿದ. ತಮ್ಮ ಫ್ಯಾನು ಬಿಚ್ಚಿದ. ಟೇಪು ಮರೆತ. ಏಣಿ ಮರೆತ. ಏಣಿಯ ಮೇಲಿದ್ದವನನ್ನೂ ಮರೆತ. ಸ್ಕ್ರೂಗಾಗಿ ಜೇಬಿಗೆ ಕೈ ಹಾಕಿದಾಗ ಫ್ಯೂಸು ಸಿಕ್ಕಿತು. ಅಯ್ಯೋ, ಮತ್ತೆ ಮರೆತೆನಲ್ಲ, ಅಕ್ಕ ಮನೆಗೆ ಸೇರಿಸುವುದಿಲ್ಲವಲ್ಲ ಎಂದು ಓಡಿ ಹೋಗಿ ಅದನ್ನು ಬೋರ್ಡಿಗೆ ಹಾಕಿದ.

ಭಾವ ಬದುಕಿದ. ಬಲಗೈಯ ಎರಡು ಬೆರಳು ಸುಟ್ಟು ಹೋಗಿದ್ದವು, ಆಸ್ಪತ್ರೆಯವರು ಅವನ್ನು ತೆಗೆದರು. ಏಣಿಯಿಂದ ಬಿದ್ದು ಕಾಲೂ ಮುರಿದಿತ್ತು.

ಗಂಡನನ್ನು ಮನೆಗೆ ಕರೆತಂದ ದಿನ ಅಕ್ಕ ತಮ್ಮನ ಮುಖ ನೋಡಲಿಲ್ಲ. ಅವನೂ ತೋರಿಸಲಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದವನು ಏಳಲೇ ಇಲ್ಲ. ತಟ್ಟೆ ಇಟ್ಟರೆ ಹಾಗೇ ಇರುತ್ತಿತ್ತು. ಮಲಗಲಿ, ಮಾಡಿದ್ದು ಸಾಲದೇ ಎಂದು ಅಕ್ಕ ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಮಡಿಲಲ್ಲಿ ಬೆಳೆಸಿದವನು. ಯಾರಿಗಾಗಿ ಅಳಬೇಕೆಂದು ತಿಳಿಯದೆ ಅವಳು ಯಾರಿಗಾಗಿಯೂ ಅಳಲಿಲ್ಲ.

ಭಾವನ ಕೈಗೆ ಪಟ್ಟಿ ಕಟ್ಟಲು ಆರೋಗ್ಯ ಕೇಂದ್ರದ ನರ್ಸಮ್ಮ ದಿನ ಬಿಟ್ಟು ದಿನ ಬರುತ್ತಿದ್ದಳು. ಹತ್ತಿಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಕೇಳಿದಳು, "ಅಕ್ಕಾ, ಆ ಕೋಣೇಲಿ ಇರೋರು ಯಾರು? ನಾನು ಬಂದಾಗೆಲ್ಲ ಹಾಗೇ ಮಲಗಿರ್ತಾರಲ್ಲ."

"ನನ್ನ ತಮ್ಮ. ಇದಕ್ಕೆಲ್ಲ ಕಾರಣ ಅವನೇ. ಏಣಿ ಮೇಲೆ ಇವರಿದ್ದದ್ದು ಮರೆತು ಆತುರಕ್ಕೆ ಫ್ಯೂಸು ಹಾಕ್ಬಿಟ್ಟ. ಈಗ ನಾಚಿಕೆಗೆ ಮುಸುಕು ಹಾಕ್ಕೊಂಡಿದಾನೆ."

"ಚಿಕ್ಕವನಾಗಿದ್ದಾಗಿಂದ್ಲೂ ಹೀಗೇನಾ? ಈ ಮರೆವು, ಈ ಆತುರ?"

"ಹುಟ್ಟಿದಾಗಿಂದ" ಎಂದ ಹಾಸಿಗೆಯಲ್ಲಿದ್ದ ಭಾವ. "ಅವನದೊಬ್ಬನದೇ ತಪ್ಪಲ್ಲಮ್ಮ. ಯಾರ ಕೈ ವೈರಿನ ಮೇಲಿರುತ್ತೋ ಫ್ಯೂಸು ಅವರ ಜೇಬಲ್ಲೇ ಇರಬೇಕು. ಹತ್ತಿದೋನು ಇಳಿಯೋಕೆ ಬೇಜಾರು ಅಂತ ನಾನೇ ಬಿಟ್ಟೆ."

ನರ್ಸಮ್ಮ ಕೋಣೆಯೊಳಗೆ ಹೋಗಿ ನೆಲದ ಮೇಲೆ ಕೂತಳು. ಅಕ್ಕ ಬಾಗಿಲಲ್ಲಿ ನಿಂತಳು.

"ತಮ್ಮಾ, ನಿದ್ದೆ ಬರುತ್ತಾ?"

ಅವನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಸತ್ತು ಹೋಗಬೇಕು ಅನ್ನಿಸ್ತಿದೆಯಾ?"

ಗೋಡೆ ಕಡೆಯಿಂದ ದನಿ ಬಂತು. "ಹೂಂ. ದಿನಾ."

ಅಕ್ಕ ನರ್ಸಮ್ಮನನ್ನು ಹೊರಗೆ ಕರೆದು ಪಿಸುಗುಟ್ಟಿದಳು, "ಅಂಥಾ ಮಾತು ಯಾಕೆ ಕೇಳಿದ್ರಿ? ಇಲ್ಲದ್ದನ್ನ ತಲೆಗೆ ತುಂಬಿದ ಹಾಗಾಗಲ್ವಾ?"

"ಕೇಳಿದ್ರೆ ತುಂಬಲ್ಲ ಅಕ್ಕ. ಕೇಳಿದ್ರೆ ಹೊರಗೆ ಬರುತ್ತೆ. ಈಗ ಬಂತಲ್ಲ. ಇನ್ನು ಇವರನ್ನ ಒಂದು ಗಳಿಗೆನೂ ಒಂಟಿಯಾಗಿ ಬಿಡಬೇಡಿ. ಇವತ್ತೇ, ಈಗ್ಲೇ ದೊಡ್ಡಾಸ್ಪತ್ರೆ ಮನೋವೈದ್ಯರ ಹತ್ತಿರ ಹೊರಡಿ. ನಾನೂ ಬರ್ತೀನಿ."

"ಅಲ್ಲಿಗಾ? ಹುಚ್ಚರ ಡಾಕ್ಟರ ಹತ್ತಿರ ಹೋಗಿದ್ದು ಗೊತ್ತಾದ್ರೆ ನಾಳೆ ಅವನಿಗೆ ಯಾರು ಕೆಲಸ ಕೊಡ್ತಾರೆ?"

ಒಳಗಿನಿಂದ ಭಾವ ಕೂಗಿದ, "ಮೊದಲು ಅವನು ಇರಲಿ! ಕೆಲಸದ ಮಾತು ಆಮೇಲೆ. ನನ್ನನ್ನ ನೋಡ್ಕೊಳ್ಳೋಕೆ ಪಕ್ಕದ ಮನೆ ಅಮ್ಮನ್ನ ಕರೆದು ಹೊರಡು ನೀನು."

ಅಕ್ಕ ಹೊರಟಳು. ಆಸ್ಪತ್ರೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತವಳು ಆಮೇಲೆ ಕಣ್ಣೆತ್ತಿ ನೋಡಿದಳು. ಅಲ್ಲಿದ್ದವರು ಹುಚ್ಚರ ಹಾಗೆ ಕಾಣಲಿಲ್ಲ. ಬಸ್ಸಿನ ಕಂಡಕ್ಟರೊಬ್ಬ ಡ್ಯೂಟಿಯ ಬಟ್ಟೆಯಲ್ಲೇ ಕೂತಿದ್ದ. ಎಳೆ ಕೂಸನ್ನು ಎತ್ತಿಕೊಂಡ ಬಾಣಂತಿಯೊಬ್ಬಳಿದ್ದಳು. ಎಲ್ಲರೂ ಇವಳ ಹಾಗೆಯೇ ಬಳಲಿದ್ದರು.

ಡಾಕ್ಟರು ಮೊದಲು ಸಾಯುವ ಯೋಚನೆಗೆ, ಖಿನ್ನತೆಗೆ ಚಿಕಿತ್ಸೆ ಶುರು ಮಾಡಿದರು. ಮೂರನೇ ಭೇಟಿಯಲ್ಲಿ ಬಾಲ್ಯದ ಬಗ್ಗೆ ಒಂದೊಂದಾಗಿ ಕೇಳಿದರು. ಶಾಲೆಯಲ್ಲಿ ಕೂರುತ್ತಿದ್ದನೇ? ಪುಸ್ತಕ, ಬಳಪ ಕಳೆಯುತ್ತಿದ್ದನೇ? ಸರದಿಗೆ ಕಾಯುತ್ತಿದ್ದನೇ? ಉತ್ತರ ಹೇಳುತ್ತಾ ಹೋದ ಅಕ್ಕನಿಗೆ ಒಂದೊಂದು ಉತ್ತರದ ಹಿಂದೆಯೂ ತಾನು ಬೈದದ್ದು ನೆನಪಾಗುತ್ತಿತ್ತು.

"ಇದಕ್ಕೆ ಎಡಿಎಚ್‌ಡಿ ಅಂತಾರೆ" ಎಂದರು ಡಾಕ್ಟರು. "ಗಮನವನ್ನ ಒಂದು ಕಡೆ ಹಿಡಿದಿಡೋದು, ಆತುರ ತಡೆಯೋದು ಕಷ್ಟ ಆಗುತ್ತೆ. ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ. ಮಕ್ಕಳಲ್ಲಿ ಶುರುವಾಗಿ ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಉಳಿಯುತ್ತೆ. ಮಾತ್ರೆ ಇದೆ, ದಿನದ ಕೆಲಸ ಹೇಗೆ ಹೊಂದಿಸ್ಕೋಬೇಕು ಅಂತ ಕಲಿಸೋರೂ ಇದ್ದಾರೆ. ಬಂದು ತೋರಿಸ್ತಾ ಇರಬೇಕು."

"ಅವತ್ತು ಟೀಚರ್ ಹೇಳಿದಾಗಲೇ ಬಂದಿದ್ರೆ ನಮ್ಮನೆಯವರ ಬೆರಳು ಉಳೀತಿತ್ತಾ ಡಾಕ್ಟ್ರೇ?"

ಡಾಕ್ಟರು ಸಮಾಧಾನ ಹೇಳಲಿಲ್ಲ. "ಅದು ನನಗೆ ಗೊತ್ತಿಲ್ಲಮ್ಮ. ನಿಮ್ಮ ತಮ್ಮನ ಕಷ್ಟ ಇಪ್ಪತ್ತು ವರ್ಷ ಕಡಿಮೆ ಆಗ್ತಿತ್ತು ಅನ್ನೋದು ಗೊತ್ತು."

ಅಕ್ಕ ಅಲ್ಲೇ ಅತ್ತಳು. ತಮ್ಮ ಏನು ಮಾಡಬೇಕೆಂದು ತಿಳಿಯದೆ ಅವಳ ಚೀಲ ಹಿಡಿದು ಕೂತಿದ್ದ.

ಏಳೆಂಟು ತಿಂಗಳಾಗಿವೆ. ತಮ್ಮ ಊಟ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಒಂದು ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಾನೆ. ಎದುರಿನ ಗೋಡೆಗೆ ಮಾಡಬೇಕಾದದ್ದನ್ನು ಬರೆದು ಅಂಟಿಸಿಕೊಂಡಿದ್ದಾನೆ. ಕೆಲವು ದಿನ ಈಗಲೂ ಕೆಟ್ಟದಾಗಿರುತ್ತವೆ. ಭಾವನ ಕೈಯ ಕಡೆ ನೋಡಲು ಅವನಿಗೆ ಇನ್ನೂ ಆಗುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಅಮ್ಮ ಬಂದು ಗೋಳು ತೋಡಿಕೊಂಡಳು. "ನನ್ನ ಮಗಳು ಪುಸ್ತಕ ಹಿಡಿದ್ರೆ ಎರಡು ನಿಮಿಷ ಕೂರಲ್ಲ. ಬೈದು ಬೈದು ನನ್ನ ಗಂಟಲೇ ಹೋಯ್ತು."

"ಒಂದ್ಸಲ ಡಾಕ್ಟರಿಗೆ ತೋರಿಸು" ಎಂದಳು ಅಕ್ಕ. "ಎಡಿಎಚ್‌ಡಿನೇ ಅಂತ ನಾನು ಹೇಳಲ್ಲ, ಅದನ್ನ ಅವರು ನೋಡಿ ಹೇಳ್ತಾರೆ."

"ಅಯ್ಯಯ್ಯೋ, ಹೆಣ್ಣುಮಗು. ನೋಡಿದ ಜನ ಏನಂತಾರೆ?"

ಮೂಲೆಯಲ್ಲಿ ಕೂತಿದ್ದ ಭಾವ ತನ್ನ ಬಲಗೈ ಎತ್ತಿ ತೋರಿಸಿದ. "ಇದನ್ನ ನೋಡಿ ಜನ ಏನಂದ್ರು ಗೊತ್ತಾ? ಎರಡು ದಿನ 'ಅಯ್ಯೋ ಪಾಪ' ಅಂದ್ರು. ಮೂರನೇ ದಿನ ಅವರವರ ಕೆಲಸಕ್ಕೆ ಹೋದ್ರು. ಈ ಮೂರು ಬೆರಳಲ್ಲಿ ಅಂಗಿ ಗುಂಡಿ ಹಾಕ್ಕೊಳ್ಳೋನು ಇವತ್ತಿಗೂ ನಾನೇ ಕಣಮ್ಮ."

ಪಕ್ಕದ ಮನೆಯಾಕೆ ಹೊರಡಲು ಎದ್ದವಳು ಬಾಗಿಲಲ್ಲಿ ತಿರುಗಿ ನಿಂತಳು. ಆಮೇಲೆ, "ಆ ಆಸ್ಪತ್ರೆಗೆ ಯಾವ ದಿನ ಹೋಗಬೇಕು ಅಕ್ಕ?" ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಅಕ್ಕ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇವೆ. ಮನೆಯಲ್ಲಿ ಯಾರಾದರೂ ಎಷ್ಟು ಬೈದರೂ ಬದಲಾಗದಿದ್ದರೆ, ಮಂಕಾಗಿ ಮೂಲೆ ಹಿಡಿದಿದ್ದರೆ, ಬೈಯುವುದನ್ನು ಬಿಟ್ಟು ವೈದ್ಯರ ಬಳಿ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಹೊರಡಿ. ಆ ಒಬ್ಬರು ನೀವೇ ಆಗಿದ್ದರೆ, ಪಕ್ಕದಲ್ಲಿರುವವರಿಗೆ ಈಗಲೇ ಬಾಯಿಬಿಟ್ಟು ಹೇಳಿ. ಜನ ಏನಾದರೂ ಅಂದುಕೊಳ್ಳಲಿ, ನಿಮ್ಮ ಮನೆಯವರು ಉಳಿಯಲಿ.