ಅತ್ತೆಗೆ ಹಾಕಿದ ಎಲೆ

ಪೊಂಗಲ್ ದಿನ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆಲ್ಲ ರಜೆ. ಕ್ರೋಂಪೇಟೆಯಲ್ಲಿ ಮನೆ ಮಾಡಿದ ಮೇಲೆ ವಿನೋದಾ ಗಮನಿಸಿಟ್ಟುಕೊಂಡಿದ್ದ ಸಂಗತಿ ಇದು. ಆ ಒಂದೆರಡು ದಿನ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಕಿಟಕಿ ಮುಚ್ಚಬೇಕಾಗಿರಲಿಲ್ಲ. ಅತ್ತೆಯನ್ನು ಊಟಕ್ಕೆ ಕರೆಯುವುದಾದರೆ ಅಂಥ ದಿನವೇ ಕರೆಯಬೇಕೆಂದು ಅವಳು ನವರಾತ್ರಿಯ ಹೊತ್ತಿಗೇ ನಿಶ್ಚಯಿಸಿದ್ದಳು.

ಅತ್ತೆ ಶಾರದಮ್ಮ ದೊಡ್ಡ ಮಗ ಕಮಲಾಕರನ ಜೊತೆ ಮಾಂಬಲದಲ್ಲಿದ್ದರು. ವಿನೋದಾಳ ಮದುವೆಯಾಗಿ ಐದು ವರ್ಷ. ಈ ಐದು ವರ್ಷಗಳಲ್ಲಿ ಅವರು ಚಿಕ್ಕ ಮಗ ಮುರಳೀಧರನ ಮನೆಗೆ ಬಂದದ್ದುಂಟು, ಕೂತು ಮಾತಾಡಿದ್ದುಂಟು, ಊಟ ಮಾಡಿದ್ದಿಲ್ಲ. ಮುರಳೀಧರ ಮಾಧ್ವರ ಹುಡುಗ, ವಿನೋದಾ ಸ್ಮಾರ್ತರ ಹುಡುಗಿ. ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಪರಿಚಯವಾಗಿ, ತಾವೇ ಒಪ್ಪಿಕೊಂಡು ಆದ ಮದುವೆ. ಅತ್ತೆ ಒಂದು ದಿನವೂ ಕೆಟ್ಟ ಮಾತಾಡಿದವರಲ್ಲ. ಎಲೆ ಹಾಕುತ್ತೇನೆ ಎಂದಾಗಲೆಲ್ಲ "ಈಗ ತಾನೇ ಆಯ್ತಮ್ಮ" ಎನ್ನುತ್ತಿದ್ದರು, ಇಲ್ಲವೆ "ಹೊಟ್ಟೆ ಯಾಕೋ ಭಾರ" ಎನ್ನುತ್ತಿದ್ದರು. ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಹೊಟ್ಟೆ ಭಾರವೆಂದವರಿಗೆ ಯಾರು ಏನು ಹೇಳಲಾದೀತು?

ಹೀಗಿರುವಾಗ ಡಿಸೆಂಬರಿನಲ್ಲಿ ಒಂದು ದಿನ ಕಮಲಾಕರ ಬ್ಯಾಂಕಿಗೇ ಬಂದು, "ಅಮ್ಮ ಸಂಕ್ರಾಂತಿಗೆ ಬರ್ತಾಳಂತೆ. ಊಟಕ್ಕೂ ಇರ್ತಾಳಂತೆ" ಎಂದ.

"ಊಟಕ್ಕೂ ಅಂದ್ರಾ ಭಾವ?"

"ಹೂಂ. ಅವಳೇ ಹೇಳಿದ್ದು. ನಾನೂ ಎರಡು ಸಲ ಕೇಳ್ದೆ."

ಪಕ್ಕದ ಕೌಂಟರಿನ ಜಲಜಾಕ್ಷಿ, "ಎಲ್ಲಾ ಮುಂಚೆನೇ ಯೋಚನೆ ಮಾಡಿಟ್ಕೊ. ಆಮೇಲೆ ಟೆನ್ಷನ್ನೇ ಇರಲ್ಲ ನೋಡು" ಎಂದಳು. ವಿನೋದಾ ಹಾಗೆಯೇ ಮಾಡಿದಳು. ಮಡಿಯ ರೀತಿನೀತಿಗಳನ್ನು ಓರಗಿತ್ತಿ ಸುಮತಿಯನ್ನು ಕೇಳಿ ಕಲಿತಳು. ಹೊಸ ಹಿತ್ತಾಳೆ ಪಾತ್ರೆ ಕೊಂಡು ತಂದಳು. ನಲ್ಲಿಯ ನೀರು ಬೇಡವೆಂದು ಹಿಂದಿನ ಮನೆಯವರ ಬಾವಿಯಿಂದ ಸೇದಿಕೊಳ್ಳಲು ಮೊದಲೇ ಅಪ್ಪಣೆ ಪಡೆದಳು. ಹಬ್ಬದ ಹಿಂದಿನ ದಿನ ರಜೆ ಹಾಕಿದಳು.

ಏಕಾದಶಿಯನ್ನೂ ಅವಳು ಮರೆತಿರಲಿಲ್ಲ. ದಿನಸಿ ಅಂಗಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನಲ್ಲಿ ವೈಕುಂಠ ಏಕಾದಶಿ ಹಬ್ಬದ ಹಿಂದಿನ ದಿನವೇ ಇತ್ತು. ಬೀದಿ ಕೊನೆಯ ಪೆರುಮಾಳ್ ಗುಡಿಯಲ್ಲೂ ಅಂದೇ ಬೆಳಗಿನ ಜಾವ ವೈಕುಂಠದ ಬಾಗಿಲು ತೆರೆದರು. ತವರಿನಲ್ಲಿ ಉಪವಾಸ ಅಜ್ಜಿಯೊಬ್ಬಳ ಪಾಲಿನದಾಗಿತ್ತು. ಆದರೂ ವಿನೋದಾ ಆ ದಿನ ಬರೀ ಹಾಲು ಕುಡಿದು ಇದ್ದಳು. ನಾಳೆ ಅತ್ತೆ ಕೇಳಿದರೆ "ಮಾಡಿದೆ" ಎನ್ನಬೇಕಿತ್ತು.

ಹಬ್ಬದ ದಿನ ಒದ್ದೆ ಸೀರೆಯಲ್ಲಿ ನಡುಗುತ್ತಲೇ ಅಡಿಗೆ ಮುಗಿಸಿದಳು. ಸಿಹಿ ಹುಗ್ಗಿ, ಖಾರದ ಹುಗ್ಗಿ, ಹುಣಸೆ ಗೊಜ್ಜು, ಅವರೆಕಾಳಿನ ಹುಳಿ, ಕೋಸಂಬರಿ. ಹಜಾರದಲ್ಲಿ ಸಾಲಾಗಿ ಎಲೆ ಹಾಕಿ, ಅತ್ತೆಯದನ್ನು ಮಾತ್ರ ಸ್ವಲ್ಪ ಬೇರೆಯಾಗಿ, ದೇವರ ಗೂಡಿನ ಹತ್ತಿರ ಹಾಕಿದಳು.

ಅವರು ಎಲೆಕ್ಟ್ರಿಕ್ ಟ್ರೈನ್ ಇಳಿದು, ಬಿಸಿಲಲ್ಲಿ ನಡೆದೇ ಬಂದರು. ಮುಂದೆ ಕಬ್ಬಿನ ಜಲ್ಲೆ ಹಿಡಿದ ಕಮಲಾಕರ, ಹಿಂದೆ ಸುಮತಿ, ಅವರ ಮಗ ಬಾಬು, ಎಲ್ಲರಿಗಿಂತ ಹಿಂದೆ ಶಾರದಮ್ಮ. ಅವರ ತುಟಿ ಒಣಗಿತ್ತು. ವಿನೋದಾ ಬೆಳ್ಳಿ ಲೋಟದಲ್ಲಿ ನೀರು ತಂದಳು.

"ನೀರು ಬೇಡಮ್ಮ."

"ಬಾವಿ ನೀರು ಅತ್ತೆ. ಮಡಿಯಲ್ಲೇ ಸೇದಿದ್ದು."

ಶಾರದಮ್ಮ ದೊಡ್ಡ ಮಗನ ಮುಖ ನೋಡಿದರು. ಕಮಲಾಕರ ಕಬ್ಬನ್ನು ಗೋಡೆಗೆ ಒರಗಿಸಿ, ಕತ್ತು ಕೆರೆದುಕೊಂಡ.

"ಒಂದು ಯಡವಟ್ಟಾಗಿದೆ ವಿನೋದಾ. ನಮ್ಮ ಮಠದ ಪಂಚಾಂಗದ ಪ್ರಕಾರ ಏಕಾದಶಿ ಇವತ್ತು. ನಿನ್ನೆ ಬೆಳಗಿನ ಜಾವ ದಶಮಿ ಇನ್ನೂ ಉಳ್ಕೊಂಡಿತ್ತಂತೆ. ನಾವೂ ಕ್ಯಾಲೆಂಡರ್ ನೋಡ್ಕೊಂಡು ನಿನ್ನೆ ಅಂತಲೇ ಇದ್ವಿ. ಮೊನ್ನೆ ರಾತ್ರಿ ಆಚಾರ್ರು ಬಂದು ಹೇಳಿದ್ಮೇಲೇ ಗೊತ್ತಾಗಿದ್ದು. ನಿನ್ನೆ ಬ್ಯಾಂಕಿಗೆ ಫೋನ್ ಮಾಡ್ದೆ. ನೀನು ರಜಾ ಅಂದ್ರು, ಇವನು ಸೀಟಲ್ಲಿಲ್ಲ ಅಂದ್ರು."

"ನನಗೆ ಯಾರೂ ಹೇಳ್ಲಿಲ್ವಲ್ಲೋ" ಎಂದ ಮುರಳೀಧರ.

"ಹೋಗೋದೇ ಬೇಡ ಅಂದೆ ನಾನು. ಅಮ್ಮ ಕೇಳ್ಲಿಲ್ಲ."

"ಬರ್ತೀನಿ ಅಂದಿದ್ದೆ" ಎಂದರು ಶಾರದಮ್ಮ. "ಬರದೇ ಇದ್ರೆ ಇವಳು ಏನು ತಿಳ್ಕೊತಾಳೆ?"

ವಿನೋದಾ ಲೋಟ ಹಿಡಿದೇ ನಿಂತಿದ್ದಳು. ಯಾರ ಮೇಲಾದರೂ ಸಿಟ್ಟು ಬಂದೀತೇನೋ ಎಂದು ಒಳಗೆಲ್ಲ ಹುಡುಕಿದಳು. ಅತ್ತೆ ನೆಪ ಹೇಳುತ್ತಿರಲಿಲ್ಲ. ಈ ಸಲ ನಿಜವಾಗಿಯೂ ಉಣ್ಣಲೆಂದೇ ಒಪ್ಪಿದ್ದರು, ಕೊಟ್ಟ ಮಾತಿಗೆ ಹಸಿದ ಹೊಟ್ಟೆಯಲ್ಲಿ ನಡೆದೂ ಬಂದಿದ್ದರು.

"ಹಾಲು, ಹಣ್ಣು ಏನಾದರೂ…"

"ಅಮ್ಮಂದು ನಿರ್ಜಲ" ಎಂದಳು ಸುಮತಿ. "ನಾವಿಬ್ರೂ ಒಂದೊಂದು ಬಾಳೆಹಣ್ಣು ತಗೋತೀವಿ. ನೀನ್ಯಾಕೆ ಮುಖ ಸಣ್ಣ ಮಾಡ್ಕೊತೀಯ? ನಿಮ್ಮ ಕಡೆ ನಿನ್ನೆನೇ ಮಾಡಿರ್ತಾರೆ. ನಿನಗೆ ಹೇಗೆ ಗೊತ್ತಾಗ್ಬೇಕು?"

ಸಮಾಧಾನಕ್ಕೆಂದೇ ಹೇಳಿದ ಮಾತು. ಐದು ವರ್ಷದ ಮೇಲೂ ತಾನು 'ನಿಮ್ಮ ಕಡೆ'ಯವಳೇ ಎಂಬುದಷ್ಟೇ ವಿನೋದಾಳ ಕಿವಿಯಲ್ಲಿ ಉಳಿಯಿತು.

"ಪಾಟ್ಟೀ, ಎನಕ್ಕು ಪಸಿಕ್ಕುದು" ಎಂದು ಬಾಬು ತಮಿಳಿನಲ್ಲಿ ರಾಗ ಎಳೆದ.

"ಮಕ್ಕಳಿಗೆ ಏಕಾದಶಿ ಇಲ್ಲ. ಹಸಿವಂತೆ ಅವನಿಗೆ, ಬಡಿಸಮ್ಮ" ಎಂದರು ಶಾರದಮ್ಮ.

ಮುರಳೀಧರನೂ ಬಾಬುವಿನ ಪಕ್ಕದಲ್ಲಿ ಕೂತ. "ಅಮ್ಮಾ, ನಾನು ಊಟ ಮಾಡ್ಲಾ?"

"ನೀನು ಯಾವತ್ತಪ್ಪ ಕೇಳಿ ಮಾಡಿದೀಯ?"

ಎಲ್ಲರೂ ನಕ್ಕರು. ಕಮಲಾಕರ ಅಡಿಗೆಮನೆಯ ಹೊಸ್ತಿಲಾಚೆ ನಿಂತು ಕತ್ತು ಉದ್ದ ಮಾಡಿದ. "ಅದೇನು, ಹುಣಸೆ ಗೊಜ್ಜಾ? ಬರೀ ವಾಸನೆ ನೋಡಿದ್ರೆ ಉಪವಾಸ ಮುರಿಯಲ್ಲ ತಾನೆ?"

"ಈ ಕಡೆ ಬನ್ನಿ ನೀವು!" ಎಂದಳು ಸುಮತಿ.

ವಿನೋದಾ ಬಡಿಸಿದಳು. ತಲೆ ಸಣ್ಣಗೆ ಸುತ್ತುತ್ತಿತ್ತು. ತಾನೂ ಇವತ್ತು ಉಣ್ಣುವುದಿಲ್ಲ ಎಂದು ಅಷ್ಟರಲ್ಲಿ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಅತ್ತೆಯ ಜೊತೆ ಉಣ್ಣಲಾಗದಿದ್ದರೆ ಬೇಡ, ಉಪವಾಸವಾದರೂ ಜೊತೆಯಲ್ಲಿ ಇರಬಹುದಲ್ಲ. ತನ್ನ ಕೈಯಲ್ಲಿ ಉಳಿದದ್ದು ಅದೊಂದೇ. ಎರಡನೆಯ ಸಲ ಹುಳಿ ತರುವಾಗ ಸೌಟು ಕೈಜಾರಿ ನೆಲಕ್ಕೆ ಬಿತ್ತು.

ಶಾರದಮ್ಮ ಅವಳನ್ನೇ ನೋಡುತ್ತಿದ್ದರು. "ನಿನ್ನೆ ನೀನು ಉಪವಾಸ ಇದ್ಯಾ?"

"ಇದ್ದೆ ಅತ್ತೆ. ಹಾಲು ಮಾತ್ರ."

"ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ಇಲ್ಲ. ನೀವು ಬರ್ತೀರಲ್ಲ, ಜೊತೆಗೇ ಅಂತ…"

"ಅಯ್ಯೋ ಪುಣ್ಯಾತ್ಗಿತ್ತಿ! ಕೂತ್ಕೊ ಮೊದಲು. ಊಟ ಮಾಡು."

"ನಾನೂ ಇವತ್ತು ನಿಮ್ಮ ಜೊತೆ ಇದ್ದುಬಿಡ್ತೀನಿ ಅತ್ತೆ."

"ಬೇಡ. ನಿಂದು ನಿನ್ನೆಗೇ ಮುಗೀತು. ನಮ್ಮದು ಇವತ್ತು, ನಾವು ಮಾಡ್ತೀವಿ." ಅವರ ದನಿ ಮೆತ್ತಗಿತ್ತು. "ಎರಡೆರಡು ಏಕಾದಶಿ ಮಾಡು ಅಂತ ಯಾವ ಶಾಸ್ತ್ರವೂ ಹೇಳಿಲ್ಲ."

ಉಂಡರೆ ತಾನು ಬೇರೆ ಎಂದು ಒಪ್ಪಿಕೊಂಡಂತೆ. ಉಣ್ಣದಿದ್ದರೆ ಅತ್ತೆಯ ಮಾತು ಮೀರಿದಂತೆ. ವಿನೋದಾ ಗಂಡನ ಕಡೆ ನೋಡಿದಳು. ಅವನು ಹುಗ್ಗಿಗೆ ತುಪ್ಪ ಕಲಸುತ್ತ, "ಅಮ್ಮ ಅಷ್ಟು ಹೇಳ್ತಿದಾಳಲ್ಲ, ಕೂತ್ಕೋಬಾರ್ದಾ" ಎಂದ. ಅವನ ಪಾಲಿಗೆ ಎಲ್ಲವೂ ಇತ್ಯರ್ಥವಾಗಿತ್ತು.

"ಆ ಎಲೆಗೇ ಕೂತ್ಕೊ" ಎಂದು ಶಾರದಮ್ಮ ತಮಗಾಗಿ ಹಾಕಿದ್ದ ಎಲೆ ತೋರಿಸಿದರು. "ಸುಮ್ನೆ ಒಣಗ್ತಿದೆ."

ಅವಳು ಕೂತಳು. ಸುಮತಿ ಸೆರಗು ಸಿಕ್ಕಿಸಿಕೊಂಡು ಬಡಿಸಲು ಬಂದಳು. ಶಾರದಮ್ಮ ಎದುರಿನ ಗೋಡೆಗೆ ಒರಗಿ ಕೂತು, ಒಣತುಟಿಯಲ್ಲೇ ಉಪಚಾರ ಶುರುಮಾಡಿದರು. "ಗೊಜ್ಜು ಹಾಕು ಅವಳಿಗೆ. ತುಪ್ಪ ಅದೇನು, ತಲೆಗೆ ಹಚ್ಚೋ ಹಾಗೆ? ಧಾರಾಳವಾಗಿ ಹಾಕು." ಐದು ವರ್ಷ ವಿನೋದಾ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತುಗಳೇ ಅವು. ಅವನ್ನು ಆಡಬೇಕಾದವಳು ತಾನಾಗಿದ್ದಳು, ಕೇಳಬೇಕಾದವರು ಅತ್ತೆ.

ಅವಳು ಮೊದಲ ತುತ್ತು ಬಾಯಿಗಿಟ್ಟಳು.

"ಉಪ್ಪು ಸರಿಯಾಗಿದ್ಯೇನೆ?" ಎಂದು ಅತ್ತೆ ಕೇಳಿದರು.

ಮಡಿ ಅಡಿಗೆಯಲ್ಲಿ ರುಚಿ ನೋಡುವಂತಿಲ್ಲ. ಹಾಗಾಗಿ ಬೆಳಿಗ್ಗೆಯಿಂದಲೂ ಅವಳಿಗೆ ಅದು ಗೊತ್ತಿರಲಿಲ್ಲ. ಈಗ ಬಾಯಲ್ಲೇ ಇದ್ದರೂ ಗೊತ್ತಾಗುತ್ತಿರಲಿಲ್ಲ. ಮುರಳೀಧರ "ಫಸ್ಟ್ ಕ್ಲಾಸ್ ಆಗಿದೆಯಮ್ಮ" ಎಂದದ್ದನ್ನು ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಉತ್ತರಕ್ಕೆ ಕಾದಿದ್ದರು.

"ಗೊತ್ತಾಗ್ತಿಲ್ಲ ಅತ್ತೆ."

"ಹಸಿದುಬಿಟ್ಟಿದೀಯ, ಅದಕ್ಕೆ. ನಾಲ್ಕು ತುತ್ತು ಒಳಗೆ ಹೋಗ್ಲಿ, ತಿನ್ನು."

ವಿನೋದಾ ತಿಂದಳು. ಯುಗಾದಿಗೆ ಬನ್ನಿ ಎಂದು ಕೇಳಬೇಕೆನಿಸಿತು. ಬಾಯಿ ತುಂಬ ಅನ್ನವಿತ್ತು. ಅದನ್ನು ನುಂಗಿ ತಲೆಯೆತ್ತುವ ಹೊತ್ತಿಗೆ ಅತ್ತೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. "ಮಲಗಲಿ ಬಿಡು, ಎಬ್ಬಿಸಬೇಡ" ಎಂದು ಸುಮತಿ ಸನ್ನೆ ಮಾಡಿ, ಬೇಡವೆನ್ನುವ ಮೊದಲೇ ಅವಳ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು.