ಕರೆಂಟಮ್ಮನ ಪೆಟ್ಟಿಗೆ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಗೆ ಮನೆಯಲ್ಲಿ ಕರೆಂಟಮ್ಮ ಎಂದೇ ಹೆಸರು. ಇಟ್ಟವನು ಗಂಡ. ರಜೆ ಬಂತೆಂದರೆ ಊಟದ ಮೇಜಿನ ತುಂಬ ತಂತಿ, ಬೆಸುಗೆ ಕಡ್ಡಿ, ಪುಟಾಣಿ ದೀಪಗಳನ್ನು ಹರವಿಕೊಂಡು ಕೂರುವವಳಿಗೆ ಇನ್ನೇನು ಹೆಸರಿಡಬೇಕು! ಅತ್ತೆಯದು ಇದಕ್ಕೆ ತದ್ವಿರುದ್ಧ. ಕರೆಂಟೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಲೂ ರಬ್ಬರ್ ಚಪ್ಪಲಿ ಮೆಟ್ಟಿ, ಕೈಯನ್ನು ಟವೆಲ್ಲಿಗೆ ತಿಕ್ಕಿ ತಿಕ್ಕಿ ಒರೆಸಿಕೊಳ್ಳುವ ಹೆಂಗಸು.

ಈ ಸಲ ಸೊಸೆ ಕೈ ಹಾಕಿದ್ದು, ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದಾದ ಪವರ್ ಸಪ್ಲೈಗೆ. ತಾನು ಮಾಡಿದ ಸಾಮಾನುಗಳನ್ನು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿ ಅವಳಿಗೆ ಸಾಕಾಗಿತ್ತು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ, ಇನ್ನೂ ಜೀವವಿದ್ದ ಸೆಲ್ಲುಗಳನ್ನು ಆರಿಸಿ, ತಗಡಿನ ಪೆಟ್ಟಿಗೆಯೊಳಗೆ ಸಾಲಾಗಿ ಕೂರಿಸಿದಳು. ಮುಂದೆ ವೋಲ್ಟೇಜ್ ತೋರಿಸುವ ಪುಟ್ಟ ಪರದೆ, ಮೇಲೊಂದು ಹಿಡಿಕೆ. ಫ್ಯೂಸ್ ಮಾತ್ರ ಬಾಕಿಯಿತ್ತು. ಆದರೂ ಒಮ್ಮೆ ನೋಡಿಬಿಡುವ ಆಸೆ ತಡೆಯಲಾಗಲಿಲ್ಲ.

ಸ್ವಿಚ್ಚೊತ್ತಿದಳು. ಪರದೆಯ ಮೇಲೆ ಹನ್ನೆರಡು ಎಂದು ಮೂಡಿತು.

“ಅತ್ತೆ, ಬನ್ನಿ ನೋಡಿ!”

“ಅಲ್ಲಿಂದಲೇ ಹೇಳು, ನಾನು ಇಲ್ಲಿಂದಲೇ ಖುಷಿಪಡ್ತೀನಿ,” ಎಂದರು ಅತ್ತೆ, ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತ.

ಸೊಸೆ ನಗುತ್ತಲೇ ಹಿಡಿಕೆಯ ಸಡಿಲ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿದಳು. ಸ್ಕ್ರೂ ಬೇಕಾದ್ದಕ್ಕಿಂತ ಉದ್ದವಿತ್ತು. ಒಳಗೆಲ್ಲೋ ಸೆಲ್ಲಿನ ಹೊದಿಕೆಯನ್ನು ಸೀಳಿತು. ಬುಸ್ಸೆಂದು ಸದ್ದಾಯಿತು, ಸಂದಿಯಿಂದ ಬಿಳಿ ಹೊಗೆ ನುಗ್ಗಿತು.

ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಆದರೆ ಕೈಕಾಲು ಕಲ್ಲಾಗಿದ್ದವು. ಹೊಗೆಯ ನಡುವೆ ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು.

ಅತ್ತೆ! ಬರಿಗಾಲು, ನೀರು ತೊಟ್ಟಿಕ್ಕುವ ಕೈ. ಆ ಕೈಗಳಿಂದಲೇ ಪೆಟ್ಟಿಗೆಯನ್ನು ಬಾಚಿಕೊಂಡು, ಹಿಂಬಾಗಿಲನ್ನು ಭುಜದಿಂದ ನೂಕಿ, ಸಿಮೆಂಟಿನ ಅಂಗಳಕ್ಕೆ ಎಸೆದರು. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಢಮ್ಮೆಂದು ಸಿಡಿಯಿತು.

ಆಮೇಲೆ ಅತ್ತೆ ತಮ್ಮ ಅಂಗೈಗಳನ್ನು ಯಾರದ್ದೋ ಎಂಬಂತೆ ನೋಡಿಕೊಂಡರು. ಚರ್ಮ ಸುಲಿದಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ, “ಏನಾಯ್ತಮ್ಮ?” ಎಂದು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, “ಬಿಸಿ ಪಾತ್ರೆ ಡಾಕ್ಟ್ರೇ, ಬಟ್ಟೆ ಇಲ್ದೆ ಎತ್ತಿಬಿಟ್ಟೆ,” ಎಂದರು.

ಬಸ್ ನಿಲ್ದಾಣದಲ್ಲಿ ಕೇಳಿದಳು: “ಯಾಕತ್ತೆ ಸುಳ್ಳು ಹೇಳಿದ್ರಿ?”

“ನನ್ನ ಮಗನಿಗೆ ಗೊತ್ತಾದ್ರೆ ನೀನು ಜನ್ಮದಲ್ಲಿ ಆ ಸಾಮಾನು ಮುಟ್ಟೋ ಹಾಗಿಲ್ಲ.” ಬ್ಯಾಂಡೇಜು ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ರಸ್ತೆಯ ಕಡೆ ನೋಡುತ್ತಿದ್ದರು. “ನಂಗೂ ಒಂದು ಹೊಲಿಗೆ ಮಷಿನ್ ಇತ್ತು. ನನ್ನ ಕೈಯಾರೆ ರಿಪೇರಿ ಮಾಡ್ಕೊಂಡಿದ್ದು. ಒಂದ್ಸಲ ಸೂಜಿ ಬೆರಳಿಗೆ ಚುಚ್ಚಿ ಆಚೆ ಬಂತು. ಗಾಯ ಮಾಯೋದ್ರೊಳಗೆ ನಿಮ್ಮ ಮಾವ ಅದನ್ನ ಯಾರಿಗೋ ಕೊಟ್ಬಿಟ್ಟಿದ್ರು. ನನ್ನ ಒಳ್ಳೇದಕ್ಕೇ ಅಂತೆ.”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

ಸಂಜೆ ಗಂಡ ಬಂದಾಗ ಸೊಸೆಯೇ ಎಲ್ಲವನ್ನೂ ಹೇಳಿದಳು. ಸುಳ್ಳಿನ ಮರೆಯಲ್ಲಿ ಕೂರಲು ಅವಳಿಗಾಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

“ಸಾಕು! ಇವತ್ತೇ ಎಲ್ಲಾ ಗುಜರಿಗೆ!”

“ಹಾಗಿದ್ರೆ ಮೊದಲು ನನ್ನ ಹಾಕು,” ಎಂದರು ಅತ್ತೆ, ದನಿ ಏರಿಸದೆ. “ಅವಳ ತಪ್ಪು ಅವಳಿಗೆ ಗೊತ್ತು. ಸುಟ್ಟಿದ್ದು ನನ್ನ ಕೈ. ಸಿಟ್ಟು ಮಾಡ್ಕೋಬೇಕಾದವಳು ನಾನು. ನಂಗೆ ಸಿಟ್ಟಿಲ್ಲ.”

ತಾಯಿ ತನಗೆ ಎದುರಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗುಜರಿಯ ಮಾತು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಸೊಸೆ ಅನ್ನ ಕಲಸಿ ಮೊದಲ ತುತ್ತನ್ನು ಅತ್ತೆಯ ಬಾಯಿಗೆ ಹಿಡಿದಳು.